ಜಾರ್ಜ್ ಆಟ್‌ವುಡ್

ಜಾರ್ಜ್ ಆಟ್‌ವುಡ್ (1745 – 11 ಜುಲೈ 1807) ಇಂಗ್ಲೆಂಡಿನ ಗಣಿತಜ್ಞರು ಹಾಗೂ ಭೌತವಿಜ್ಞಾನಿ. ದಾರಕ್ಕೆ ತೂಗುಬಿಟ್ಟ ವಸ್ತುವಿನ ವೇಗೋತ್ಕರ್ಷವನ್ನು ಅದರ ತೂಕ ಮತ್ತು ದಾರದ ಬಿಗಿತ ಹೇಗೆ ನಿರ್ಧರಿಸುತ್ತವೆ ಎಂಬುದನ್ನು ತೋರಿಸುವ 'ಆಟ್‌ವುಡ್ ಯಂತ್ರ'ದಿಂದ ಇವರು ಪ್ರಸಿದ್ಧರಾಗಿದ್ದಾರೆ. ಇವರು ಒಳ್ಳೆಯ ಚದುರಂಗ ಆಟಗಾರರೂ ಆಗಿದ್ದರು.

ಜೀವನ

ಆಟ್‌ವುಡ್ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಪಾದ್ರಿಯೊಬ್ಬರ ಮಗನಾಗಿ ಜನಿಸಿದರು. ವೆಸ್ಟ್‌ಮಿನ್‌ಸ್ಟರ್ ಶಾಲೆಯಲ್ಲಿ ಓದಿ, 1765ರಲ್ಲಿ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜನ್ನು ಸೇರಿದರು. 1769ರ ಪದವಿ ಪರೀಕ್ಷೆಯಲ್ಲಿ ಮೂರನೆಯ ಸ್ಥಾನ ಪಡೆದರು. ಬಳಿಕ ಅದೇ ಕಾಲೇಜಿನಲ್ಲಿ ಅಧ್ಯಾಪಕರಾದರು. ಪ್ರಯೋಗಗಳನ್ನು ಮಾಡಿ ತೋರಿಸುತ್ತ ಅವರು ನೀಡುತ್ತಿದ್ದ ಉಪನ್ಯಾಸಗಳು ಜನಪ್ರಿಯವಾಗಿದ್ದವು. 1776ರಲ್ಲಿ ರಾಯಲ್ ಸೊಸೈಟಿಯ ಸದಸ್ಯರಾಗಿ ಆಯ್ಕೆಯಾದರು.

ಅವರ ಉಪನ್ಯಾಸಗಳನ್ನು ಕೇಳಿದವರಲ್ಲಿ ಮುಂದೆ ಪ್ರಧಾನಿಯಾದ ಕಿರಿಯ ವಿಲಿಯಂ ಪಿಟ್ ಒಬ್ಬರು. 1784ರಲ್ಲಿ ಆಟ್‌ವುಡ್ ಕೇಂಬ್ರಿಜ್ ತೊರೆದರು. ಪಿಟ್ ಅವರಿಗೆ ಸುಂಕದ ಇಲಾಖೆಯಲ್ಲಿ ಹುದ್ದೆಯೊಂದನ್ನು ಕೊಡಿಸಿ, ಸರ್ಕಾರದ ಲೆಕ್ಕಾಚಾರದ ಕೆಲಸಗಳಿಗೆ ಅವರ ನೆರವು ಪಡೆದರು.

ಆಟ್‌ವುಡ್ ಯಂತ್ರ

ಮೇಲಿನಿಂದ ಬಿಟ್ಟ ವಸ್ತು ಮೊದಲ ಒಂದು ಸೆಕೆಂಡಿನಲ್ಲೇ ಸುಮಾರು 4.9 ಮೀಟರ್ ಬೀಳುತ್ತದೆ. ಅಂದಿನ ಗಡಿಯಾರಗಳಿಂದ ಇಷ್ಟು ವೇಗದ ಚಲನೆಯನ್ನು ಅಳೆಯುವುದು ಕಷ್ಟವಾಗಿತ್ತು. ಆದ್ದರಿಂದ ನ್ಯೂಟನ್ನನ ಚಲನೆಯ ನಿಯಮಗಳನ್ನು ತರಗತಿಯಲ್ಲಿ ಕಣ್ಣಾರೆ ತೋರಿಸಲು ಬೀಳುವಿಕೆಯನ್ನೇ ನಿಧಾನಗೊಳಿಸಬೇಕಾಯಿತು. ಆಟ್‌ವುಡ್ ಇದಕ್ಕಾಗಿ ರಾಟೆಯೊಂದರ ಮೇಲೆ ದಾರವನ್ನು ಹಾಯಿಸಿ, ಅದರ ಎರಡೂ ತುದಿಗಳಿಗೆ ಸಮತೂಕದ ಬೊಟ್ಟುಗಳನ್ನು ಕಟ್ಟಿದರು. ಒಂದು ಬದಿಗೆ ಸಣ್ಣ ತೂಕವೊಂದನ್ನು ಸೇರಿಸಿದಾಗ ಆ ಬದಿ ಮೆಲ್ಲಗೆ ಕೆಳಗಿಳಿಯುತ್ತದೆ. ಘರ್ಷಣೆಯನ್ನು ತಗ್ಗಿಸಲು ರಾಟೆಯ ಅಚ್ಚನ್ನು ಬೇರೆ ಸಣ್ಣ ಚಕ್ರಗಳ ಮೇಲೆ ಕೂರಿಸಲಾಗಿತ್ತು.

ತೂಗುವ ವಸ್ತುವಿನ ಮೇಲೆ ಎರಡು ಬಲಗಳಿರುತ್ತವೆ: ಕೆಳಮುಖವಾಗಿ ತೂಕ, ಮೇಲ್ಮುಖವಾಗಿ ದಾರದ ಬಿಗಿತ. ಇವೆರಡರ ವ್ಯತ್ಯಾಸವನ್ನು ದ್ರವ್ಯರಾಶಿಯಿಂದ ಭಾಗಿಸಿದರೆ ವೇಗೋತ್ಕರ್ಷ ದೊರೆಯುತ್ತದೆ. ಉದಾಹರಣೆಗೆ, ಒಂದು ಬದಿಯಲ್ಲಿ 510 ಗ್ರಾಂ, ಇನ್ನೊಂದು ಬದಿಯಲ್ಲಿ 490 ಗ್ರಾಂ ಇದೆ ಎನ್ನೋಣ. ಚಲನೆಗೆ ಕಾರಣವಾಗುವುದು 20 ಗ್ರಾಂ ತೂಕ ಮಾತ್ರ. ಆದರೆ ಚಲಿಸಬೇಕಾದ ಒಟ್ಟು ದ್ರವ್ಯರಾಶಿ 1000 ಗ್ರಾಂ. ರಾಟೆಯ ಜಡತ್ವ ಮತ್ತು ಘರ್ಷಣೆಯನ್ನು ಬಿಟ್ಟರೆ, ವೇಗೋತ್ಕರ್ಷವು ಗುರುತ್ವದ ಐವತ್ತನೆಯ ಒಂದು ಭಾಗ, ಎಂದರೆ ಸೆಕೆಂಡಿಗೆ ಸೆಕೆಂಡಿಗೆ 0.196 ಮೀಟರ್. ಮೊದಲ ಸೆಕೆಂಡಿನಲ್ಲಿ ಬೊಟ್ಟು ಇಳಿಯುವುದು 10 ಸೆಂಟಿಮೀಟರ್‌ಗೂ ಕಡಿಮೆ. ಆಗ ದಾರದ ಬಿಗಿತ ಸುಮಾರು 4.90 ನ್ಯೂಟನ್. ಇದು ಭಾರದ ಬೊಟ್ಟಿನ ತೂಕಕ್ಕಿಂತ (5.00) ಕಡಿಮೆ, ಹಗುರ ಬೊಟ್ಟಿನ ತೂಕಕ್ಕಿಂತ (4.80) ಹೆಚ್ಚು.

ಬಿಗಿತವು ಯಾವಾಗಲೂ ತೂಕಕ್ಕೆ ಸಮನೆಂಬ ತಪ್ಪು ತಿಳಿವಳಿಕೆ ವಿದ್ಯಾರ್ಥಿಗಳಲ್ಲಿ ಸಾಮಾನ್ಯ. ಸೇದುಬಾವಿಯ ಹಗ್ಗದಲ್ಲಿ ಕೊಡ ನಿಂತಿದ್ದರೆ ಅಥವಾ ಒಂದೇ ವೇಗದಲ್ಲಿ ಏರುತ್ತಿದ್ದರೆ ಇಲ್ಲವೇ ಇಳಿಯುತ್ತಿದ್ದರೆ ಮಾತ್ರ ಅವೆರಡೂ ಸಮ. ಕೊಡವನ್ನು ಜಗ್ಗನೆ ಎಳೆದಾಗ ಬಿಗಿತ ತೂಕವನ್ನು ಮೀರುವುದರಿಂದಲೇ ಹಳೆಯ ಹಗ್ಗಗಳು ಹರಿಯುತ್ತವೆ. ಹಗ್ಗ ಹರಿದೊಡನೆ ಬಿಗಿತ ಸೊನ್ನೆಯಾಗಿ, ಕೊಡ ಗುರುತ್ವದ ಪೂರ್ಣ ವೇಗೋತ್ಕರ್ಷದಿಂದ ಬೀಳುತ್ತದೆ.

ಈ ಯಂತ್ರದ ವಿವರಣೆಯನ್ನು ಮೆಗೆಲ್ಲನ್ ಎಂಬ ವಿದ್ವಾಂಸರು 1780ರಲ್ಲಿ ಪ್ರಕಟಿಸಿದರು. ಆಟ್‌ವುಡ್ ಸ್ವತಃ 1784ರ ತಮ್ಮ ಗ್ರಂಥದಲ್ಲಿ ಅದನ್ನು ವಿವರಿಸಿದರು.

ಇತರ ಕಾರ್ಯಗಳು

ತೇಲುವ ವಸ್ತುಗಳ ಸಮತೋಲನವನ್ನು ಕುರಿತ ಸಂಶೋಧನೆಗಾಗಿ 1796ರಲ್ಲಿ ಅವರಿಗೆ ಕಾಪ್ಲಿ ಪದಕ ದೊರೆಯಿತು. ಹಡಗುಗಳ ಸ್ಥಿರತೆ ಈ ಅಧ್ಯಯನದ ಮುಖ್ಯ ಅನ್ವಯವಾಗಿತ್ತು. 1801ರಲ್ಲಿ ಕಮಾನುಗಳ ರಚನೆಯನ್ನು ಕುರಿತ ಪ್ರಬಂಧವನ್ನು ಪ್ರಕಟಿಸಿದರು. ಪ್ರಸಿದ್ಧ ಚದುರಂಗಪಟು ಫಿಲಿಡಾರ್ ಆಡಿದ ಹಲವು ಆಟಗಳ ನಡೆಗಳನ್ನು ಬರೆದಿಟ್ಟುಕೊಂಡಿದ್ದರು; ಆ ಆಟಗಳು ಇಂದಿಗೂ ಲಭ್ಯವಿರಲು ಈ ದಾಖಲೆಗಳು ಕಾರಣವಾಗಿವೆ.

ನಿಧನ

ಅವಿವಾಹಿತರಾಗಿದ್ದ ಆಟ್‌ವುಡ್ 1807ರ ಜುಲೈ 11ರಂದು ವೆಸ್ಟ್‌ಮಿನ್‌ಸ್ಟರ್‌ನಲ್ಲಿ ನಿಧನರಾದರು. ಅವರ ಯಂತ್ರ ಇಂದಿಗೂ ಭೌತವಿಜ್ಞಾನದ ಪ್ರಯೋಗಾಲಯಗಳಲ್ಲಿ ಹಾಗೂ ಪರೀಕ್ಷೆಯ ಲೆಕ್ಕಗಳಲ್ಲಿ ಬಳಕೆಯಲ್ಲಿದೆ.