ಸುಲ್ತಾನರು ಬಿಟ್ಟುಕೊಟ್ಟ ಆದಾಯ

ಹಜರತ್ ಟಿಪ್ಪು ಸುಲ್ತಾನ್ ಎಂದ ಕೂಡಲೇ ನಮ್ಮ ಕಾಲೇಜಿನಲ್ಲಿ ಹುಲಿ, ಖಡ್ಗ, ರಾಕೆಟ್ ಈ ಮೂರು ಮಾತು ಬಂದೇ ಬರುತ್ತವೆ. ಭಾಷಣ ಸ್ಪರ್ಧೆ ಇದ್ದರೆ ಇವು ಮೂರಿಲ್ಲದೆ ಯಾರೂ ವೇದಿಕೆ ಇಳಿಯುವುದಿಲ್ಲ. ನಾನು ವಾಣಿಜ್ಯ ವಿಭಾಗದವನು. ಅವರ ಜೀವನದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಯುದ್ಧವಲ್ಲ, ಅವರು ಬೇಡವೆಂದು ಬಿಟ್ಟ ಒಂದು ಆದಾಯ. ಮದ್ಯದಿಂದ ಬರುವ ಹಣ. ಮಂಡ್ಯದಿಂದ ಒಂದು ಗಂಟೆಯೊಳಗೆ ಬಸ್ಸಿನಲ್ಲಿ ಮುಟ್ಟಬಹುದಾದ ಶ್ರೀರಂಗಪಟ್ಟಣದಲ್ಲಿ ಕೂತು ಒಬ್ಬ ದೊರೆ ಆ ನಿರ್ಧಾರ ಮಾಡಿದರು. ಅದರಿಂದ ಏಳುವ ಪ್ರಶ್ನೆ ನಮ್ಮ ಬೀದಿಯಲ್ಲಿ ಇವತ್ತಿಗೂ ಇದೆ.

ಟಿಪ್ಪು ಹುಟ್ಟಿದ್ದು 1750ರ ನವೆಂಬರ್ 20ರಂದು, ದೇವನಹಳ್ಳಿಯಲ್ಲಿ. ತಂದೆ ಹೈದರ್ ಅಲಿ, ತಾಯಿ ಫಕ್ರುನ್ನೀಸಾ. ಆರ್ಕಾಟಿನ ಟಿಪ್ಪು ಮಸ್ತಾನ್ ಔಲಿಯಾ ಎಂಬ ಸೂಫಿ ಸಂತರ ಹೆಸರನ್ನೇ ಮಗುವಿಗೆ ಇಟ್ಟರು. ಹೈದರ್ ಅಲಿಗೆ ಓದುಬರಹ ಬರುತ್ತಿರಲಿಲ್ಲ. ಆದ್ದರಿಂದಲೋ ಏನೋ, ಮಗ ಓದಬೇಕು ಎಂಬ ಹಟ ಅವರಿಗೆ ಜಾಸ್ತಿ. ಒಂದು ಕಡೆ ಕುರಾನ್, ಫಾರ್ಸಿ. ಇನ್ನೊಂದು ಕಡೆ ಗಾಜಿ ಖಾನ್ ಎಂಬ ಸೇನಾನಿಯ ಕೈಕೆಳಗೆ ಕುದುರೆ, ಕತ್ತಿ, ಬಂದೂಕು. ಹದಿನೇಳು ವಯಸ್ಸು, ಅಂದರೆ ನನ್ನ ವಯಸ್ಸು, ಆಗುವಷ್ಟರಲ್ಲಿ ಹುಡುಗ ಮೊದಲ ಆಂಗ್ಲೋ-ಮೈಸೂರು ಯುದ್ಧದಲ್ಲಿದ್ದ. 1780ರಲ್ಲಿ ಪೊಳ್ಳಿಲೂರಿನಲ್ಲಿ ಕರ್ನಲ್ ಬೇಲಿಯ ಪಡೆಯನ್ನು ಸೋಲಿಸಿದಾಗ ಸುಮಾರು ಮೂವತ್ತು. 1782ರ ಡಿಸೆಂಬರ್‌ನಲ್ಲಿ ಹೈದರ್ ಅಲಿ ತೀರಿಕೊಂಡರು. ಯುದ್ಧದ ಮಧ್ಯೆಯೇ ಟಿಪ್ಪು ಪಟ್ಟಕ್ಕೆ ಬಂದರು. 1784ರ ಮಾರ್ಚ್‌ನಲ್ಲಿ ಮಂಗಳೂರು ಒಪ್ಪಂದವಾಯಿತು. ಇದೆಲ್ಲ ಪಠ್ಯಪುಸ್ತಕದಲ್ಲಿದೆ, ಇಲ್ಲಿಗೆ ಸಾಕು.

ಒಪ್ಪಂದದ ನಂತರ ಅವರಿಗೆ ಕೆಲವು ವರ್ಷ ಆಡಳಿತಕ್ಕೆ ಬಿಡುವು ಸಿಕ್ಕಿತು. ಆ ಬಿಡುವಿನಲ್ಲಿ ಅವರು ಅಮಲ್ದಾರರಿಗೆ ಕಂದಾಯದ ನಿಯಮಗಳನ್ನು ಬರೆಸಿದರು. ಬೀಜಕ್ಕೆ ಸಾಲ ಯಾರಿಗೆ ಕೊಡಬೇಕು, ಬೀಳು ಬಿದ್ದ ನೆಲಕ್ಕೆ ಎಷ್ಟು ವರ್ಷ ರಿಯಾಯಿತಿ, ಕಬ್ಬು ಬೆಳೆಯುವವನಿಗೆ ಹೇಗೆ ಉತ್ತೇಜನ ಎಂಬುದೆಲ್ಲ ಅದರಲ್ಲಿದೆ. 1792ರಲ್ಲಿ ಕಲ್ಕತ್ತೆಯಲ್ಲಿ ಕ್ರಿಸ್ಪ್ ಎಂಬ ಇಂಗ್ಲಿಷರವರು ಈ ನಿಯಮಗಳನ್ನು ಅನುವಾದಿಸಿ ಅಚ್ಚು ಹಾಕಿಸಿದರು. ಶತ್ರುವಿನ ಲೆಕ್ಕಪುಸ್ತಕವನ್ನೂ ಬಿಡದೆ ಓದಿದ್ದಾರೆ ನೋಡಿ! ಇದೇ ಕಾಲದಲ್ಲಿ ಟಿಪ್ಪು ಹೆಂಡ, ಸಾರಾಯಿ ಮಾರುವುದನ್ನು ನಿಲ್ಲಿಸಿದರು. ಗಾಂಜಾ ಬೆಳೆಯುವುದಕ್ಕೂ ತಡೆ ಬಿತ್ತು. ತಮ್ಮ ಸೇವೆಯಲ್ಲಿದ್ದ ಫ್ರೆಂಚ್ ಸಿಪಾಯಿಗಳಿಗೆ ಮಾತ್ರ ಇದರಲ್ಲಿ ವಿನಾಯಿತಿ ಇತ್ತು.

ಇದನ್ನು ಖಾತೆ ಬರೆಯುವವನ ಕಣ್ಣಿನಿಂದ ನೋಡಬೇಕು. ಆ ಕಾಲದ ದೊರೆಗೆ ಮದ್ಯ ಎಂದರೆ ಕೈಗೆ ಸುಲಭವಾಗಿ ಸಿಗುವ ಹಣ. ಬೆಳೆ ಕೈಕೊಟ್ಟರೆ ಕಂದಾಯ ನಿಲ್ಲುತ್ತದೆ, ಕುಡಿಯುವವನು ಮಾತ್ರ ಕುಡಿಯುವುದನ್ನು ನಿಲ್ಲಿಸುವುದಿಲ್ಲ. ಗುತ್ತಿಗೆ ಹರಾಜು ಹಾಕಿದರೆ ಗುತ್ತಿಗೆದಾರನೇ ದುಡ್ಡು ತಂದು ಕೊಡುತ್ತಾನೆ. ಟಿಪ್ಪುವಿಗಾದರೋ ಕಂಪನಿ, ಮರಾಠರು, ನಿಜಾಮ ಎಂದು ಮೂರು ಕಡೆ ವೈರಿಗಳು. ಅಷ್ಟು ದೊಡ್ಡ ಸೈನ್ಯಕ್ಕೆ ಸಂಬಳ ಕೊಡಬೇಕಾದವರು ಈ ಆದಾಯವನ್ನು ಬಿಟ್ಟರು. ಧರ್ಮದಲ್ಲಿ ಹರಾಮ್ ಎಂಬುದು ಒಂದು ಕಾರಣ ಇದ್ದೇ ಇದೆ. ಆದರೆ ಹರಾಮ್ ಎಂದು ಗೊತ್ತಿದ್ದೂ ಮದ್ಯದ ಸುಂಕ ತಿಂದ ಬಾದಶಹರು ನಮ್ಮ ಇತಿಹಾಸದಲ್ಲಿ ಕಡಿಮೆಯೇನಿಲ್ಲ.

ನಮ್ಮ ಜಿಲ್ಲೆಯನ್ನೇ ನೋಡೋಣ. ಕಬ್ಬಿನಿಂದ ಸಕ್ಕರೆ ಬರುತ್ತದೆ, ಬೆಲ್ಲ ಬರುತ್ತದೆ; ಸಕ್ಕರೆ ಮಾಡಿದ ಮೇಲೆ ಉಳಿಯುವ ಕಾಕಂಬಿಯಿಂದ ಮದ್ಯಸಾರ ಬರುತ್ತದೆ. ರಾಜ್ಯ ಸರ್ಕಾರಕ್ಕೆ ಅಬಕಾರಿಯಿಂದ ಈಗ ವರ್ಷಕ್ಕೆ 30 ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಬರುತ್ತಿದೆ. 2007ರ ಜುಲೈನಿಂದ ಸಾರಾಯಿ ನಿಂತಿತು, ಅಂಗಡಿಯ ಬಾಟಲಿ ನಿಲ್ಲಲಿಲ್ಲ. ಗ್ಯಾರಂಟಿ ಯೋಜನೆಗೂ ರಸ್ತೆಗೂ ಶಾಲೆಗೂ ಹಣ ಬೇಕಲ್ಲ ಎಂದು ದೊಡ್ಡವರು ಹೇಳುತ್ತಾರೆ. ಬೇಕು, ನಿಜ. ಅದಕ್ಕೇ ಸುಲ್ತಾನರ ತೀರ್ಮಾನ ನನಗೆ ಸಣ್ಣದಾಗಿ ಕಾಣುವುದಿಲ್ಲ.

ಇಷ್ಟಕ್ಕೆ ಬರೆದು ನಿಲ್ಲಿಸಿದ್ದರೆ ಚಪ್ಪಾಳೆ ಸಿಗುತ್ತಿತ್ತೇನೋ. ಆದರೆ ಇನ್ನೊಂದು ಪಕ್ಷವಿದೆ. ಒಬ್ಬ ವಯಸ್ಕ ಏನು ಕುಡಿಯಬೇಕು, ಏನು ಸೇದಬೇಕು ಎಂದು ಹೇಳಲು ದೊರೆಗೆ ಏನು ಹಕ್ಕು ಎಂದು ಕೇಳುವವರು ಅವರು. ಇವರನ್ನು ಸ್ವಾತಂತ್ರ್ಯವಾದಿಗಳು ಎನ್ನುತ್ತಾರೆ. ಇವರೆಲ್ಲ ಹೆಚ್ಚಾಗಿ ಹೆಸರು ಹೇಳುವುದು ಜಾನ್ ಸ್ಟುವರ್ಟ್ ಮಿಲ್ ಅವರದು. ತಮಾಷೆ ಎಂದರೆ ಮಿಲ್ ಕೂಡ 1823ರಲ್ಲಿ, ಹದಿನೇಳನೇ ವಯಸ್ಸಿನಲ್ಲಿ, ನೌಕರಿಗೆ ಸೇರಿದ್ದು ಟಿಪ್ಪುವನ್ನು ಮುಗಿಸಿದ ಅದೇ ಈಸ್ಟ್ ಇಂಡಿಯಾ ಕಂಪನಿಯಲ್ಲಿ. 1859ರಲ್ಲಿ ಅವರು ಸ್ವಾತಂತ್ರ್ಯದ ಬಗ್ಗೆ ಒಂದು ಪುಸ್ತಕ ಬರೆದರು. ಸಮಾಜ ಒಬ್ಬನ ಮೇಲೆ ಬಲ ಉಪಯೋಗಿಸಬಹುದಾದದ್ದು ಬೇರೆಯವರಿಗೆ ಆಗುವ ಹಾನಿಯನ್ನು ತಡೆಯಲು ಮಾತ್ರ, ಅಂದರೆ ಸ್ವರಕ್ಷಣೆಗೆ ಮಾತ್ರ, ಅವನ ಒಳ್ಳೆಯದಕ್ಕೆಂದು ಅಲ್ಲ ಎಂಬುದು ಅವರ ವಾದ. ಅಮೆರಿಕದ ಕೆಲವು ರಾಜ್ಯಗಳು ಆಗ ತಂದಿದ್ದ ಪಾನನಿಷೇಧವನ್ನು ಅವರು ವಿರೋಧಿಸಿದರು. ಹಾಗಿದ್ದೂ ಸರ್ಕಾರ ತೆರಿಗೆ ಹಾಕಲೇಬೇಕು ಎಂದಾದರೆ ಮದ್ಯದ ಮೇಲೆ ಹಾಕುವುದು ತಪ್ಪಲ್ಲ ಎಂದೂ ಒಪ್ಪಿದರು.

ಆದರೆ ಅದೇ ಪುಸ್ತಕದಲ್ಲಿ ಮಿಲ್ ಎರಡು ಗುಂಪನ್ನು ಹೊರಗಿಡುತ್ತಾರೆ. ಒಂದು, ವಯಸ್ಸಿಗೆ ಬಾರದವರು. ಅವರನ್ನು ಬೇರೆಯವರಿಂದ ಮಾತ್ರವಲ್ಲ, ಅವರಿಂದಲೇ ಅವರನ್ನು ಕಾಪಾಡಬೇಕು ಎನ್ನುತ್ತಾರೆ. ಇದನ್ನು ನಾನು ಒಪ್ಪುತ್ತೇನೆ, ನನ್ನನ್ನೂ ಸೇರಿಸಿಕೊಂಡೇ. ಎರಡನೆಯದು, ಇನ್ನೂ ಹಿಂದುಳಿದಿವೆ ಎಂದು ಅವರು ಅಂದುಕೊಂಡ ಸಮಾಜಗಳು. ಅಂದರೆ ಕಂಪನಿ ಆಳುತ್ತಿದ್ದ ನಾವು! ನಮಗೆ ಸ್ವಾತಂತ್ರ್ಯ ಇನ್ನೂ ಬೇಡ, ಒಳ್ಳೆಯ ಒಡೆಯ ಸಾಕು ಎಂದು ಸ್ವಾತಂತ್ರ್ಯದ ಪುಸ್ತಕದಲ್ಲೇ ಬರೆದಿದ್ದಾರೆ. ಇಡೀ ಊರನ್ನು ಮಕ್ಕಳಂತೆ ನೋಡುವುದರಲ್ಲಿ ಕಂಪನಿಯ ನೌಕರನಿಗೂ ಮೈಸೂರಿನ ಸುಲ್ತಾನರಿಗೂ ವ್ಯತ್ಯಾಸ ಎಷ್ಟು ಎಂದು ಯೋಚಿಸಿದ್ದೇನೆ. ಸುಲ್ತಾನರು ನಮ್ಮ ಹಣ ಬಿಟ್ಟು ಹಾಗೆ ಮಾಡಿದರು, ಕಂಪನಿ ನಮ್ಮ ಹಣ ತೆಗೆದುಕೊಂಡು ಹಾಗೆ ಮಾಡಿತು. ಅಷ್ಟು ವ್ಯತ್ಯಾಸ ಇದೆ.

ಸ್ವಾತಂತ್ರ್ಯವಾದಿಗಳ ಭಯಕ್ಕೆ ಟಿಪ್ಪುವಿನ ಜೀವನದಲ್ಲೇ ಸಾಕ್ಷಿ ಇದೆ. ಅದನ್ನು ನಾವು ಬರೆಯದಿದ್ದರೆ ಬೇರೆಯವರು ಬರೆಯುತ್ತಾರೆ. 1784ರಲ್ಲಿ ಕರಾವಳಿಯ ಕ್ರೈಸ್ತರನ್ನು ಮನೆಮಠ ಬಿಡಿಸಿ ಶ್ರೀರಂಗಪಟ್ಟಣಕ್ಕೆ ಸೆರೆ ತಂದರು, ದಾರಿಯಲ್ಲಿ ತುಂಬಾ ಜನ ಸತ್ತರು. ಕೊಡಗಿನವರನ್ನೂ ಹಾಗೆಯೇ ತಂದರು. ಹಲವರನ್ನು ಬಲವಂತದಿಂದ ಮತಾಂತರ ಮಾಡಲಾಯಿತು. ನಮ್ಮ ಜಿಲ್ಲೆಯ ಮೇಲುಕೋಟೆಯಲ್ಲಿ ಮಂಡ್ಯಂ ಅಯ್ಯಂಗಾರರ ಮನೆಗಳಲ್ಲಿ ಇಂದಿಗೂ ನರಕ ಚತುರ್ದಶಿಯ ಹಬ್ಬ ಮಾಡುವುದಿಲ್ಲ. ಟಿಪ್ಪುವಿನ ಕಾಲದಲ್ಲಿ ತಮ್ಮ ಹಿರಿಯರನ್ನು ಕೊಂದ ದಿನ ಎಂದು ಅವರು ನೆನೆಯುತ್ತಾರೆ. ಅದೇ ಟಿಪ್ಪು ಮರಾಠ ದಂಡು ಶೃಂಗೇರಿ ಮಠವನ್ನು ಲೂಟಿ ಮಾಡಿದಾಗ ಸ್ವಾಮಿಗಳಿಗೆ ಪತ್ರ ಬರೆದು ಹಣ ಕಳಿಸಿದರು, ಅರಮನೆಯ ಹತ್ತಿರವೇ ಇದ್ದ ರಂಗನಾಥನ ಗುಡಿಯಲ್ಲಿ ಪೂಜೆ ನಿಲ್ಲಲಿಲ್ಲ. ಎರಡೂ ನಿಜ. ಒಂದನ್ನು ಇಟ್ಟು ಇನ್ನೊಂದನ್ನು ಅಳಿಸಲಾಗುವುದಿಲ್ಲ. ಹೆಂಡದ ಅಂಗಡಿ ಮುಚ್ಚಿಸಿದ ಕೈಯೇ ಜನರನ್ನು ಊರು ಬಿಡಿಸಿತು. ನಿನ್ನ ಬಾಯಿಗೆ ಏನು ಹೋಗಬೇಕು ಎಂದು ತೀರ್ಮಾನಿಸುವ ಅಧಿಕಾರ ಒಮ್ಮೆ ಸಿಕ್ಕರೆ ನಿನ್ನ ಮನಸ್ಸಿನಲ್ಲಿ ಏನಿರಬೇಕು ಎಂದು ತೀರ್ಮಾನಿಸಲು ಹೆಚ್ಚು ಹೆಜ್ಜೆ ಬೇಕಿಲ್ಲ ಎಂಬ ವಾದವನ್ನು ನಾನು ಸುಲಭವಾಗಿ ತಳ್ಳಿಹಾಕಲಾರೆ.

ಇನ್ನು ಆ ಕಂದಾಯ ನಿಯಮಗಳಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಒಂದು ನಿಯಮವಿದೆ. ರೈತ ದಂಡ ಕಟ್ಟಬೇಕಾದ ತಪ್ಪು ಮಾಡಿದರೆ ಹಣದ ಬದಲು ಊರಿನ ಮುಂದೆ ಎರಡು ಮಾವು, ಎರಡು ಬಾದಾಮಿ ಗಿಡ ನೆಟ್ಟು, ಅವು ಸ್ವಲ್ಪ ಎತ್ತರ ಬೆಳೆಯುವವರೆಗೆ ನೀರು ಹಾಕಿ ನೋಡಿಕೊಳ್ಳಬೇಕು. ದಂಡ ಕಟ್ಟಿದರೆ ರೈತ ಸಾಲಗಾರನಾಗುತ್ತಾನೆ, ಸೆರೆಗೆ ಹೋದರೆ ಹೊಲ ಬೀಳು ಬೀಳುತ್ತದೆ. ಗಿಡ ನೆಟ್ಟರೆ ಅವನು ಊರಲ್ಲೇ ಇರುತ್ತಾನೆ, ದಿನಾ ಎಲ್ಲರ ಕಣ್ಣಿಗೆ ಬೀಳುತ್ತಾನೆ, ಕೊನೆಗೆ ಊರಿಗೆ ನೆರಳೂ ಆಗುತ್ತದೆ.

ಇದು ಯಾಕೆ ಮನಸ್ಸಿಗೆ ತಾಗಿತು ಎಂದರೆ, ನಮ್ಮ ಮೊಹಲ್ಲಾದಲ್ಲಿ ಒಬ್ಬ ಹುಡುಗ ಇದ್ದಾನೆ. ನನಗಿಂತ ಎರಡು ವರ್ಷ ದೊಡ್ಡವನು, ಭಾಯ್ ಎಂದೇ ಕರೆಯುತ್ತೇನೆ. ಕ್ರಿಕೆಟ್‌ನಲ್ಲಿ ಅವನ ಬೌಲಿಂಗ್ ಆಡುವುದು ಕಷ್ಟ. ಅವನಿಗೆ ನೋವಿನ ಮಾತ್ರೆಯ ನಶೆ ಹತ್ತಿತು. ಮೊದಲು ಮಾತ್ರೆ, ಆಮೇಲೆ ಗಾಂಜಾ. ಅವನ ಅಮ್ಮಿಗೆ ಗೊತ್ತಾದ ಮೇಲೂ ಎಂಟು ತಿಂಗಳು ಆಸ್ಪತ್ರೆಗೆ ಕರೆದುಕೊಂಡು ಹೋಗಲಿಲ್ಲ. ಅವರಿಗೆ ನಶೆಗಿಂತ ಪೊಲೀಸ್ ಭಯ ಜಾಸ್ತಿ. ಕೇಸ್ ಆದರೆ ಹುಡುಗನ ಜೀವನ ಮುಗಿಯಿತು, ತಂಗಿಗೆ ನಿಕಾಹ್ ಆಗುವುದಿಲ್ಲ ಎಂದು ನಮ್ಮ ಅಮ್ಮಿಯ ಹತ್ತಿರ ಅತ್ತುಕೊಂಡರು. ಬಾಗಿಲು ಹಾಕಿ ಮನೆಯೊಳಗೆ ಕೂಡಿಹಾಕಿದರು, ಅಜ್ಮೀರಿಗೆ ಹರಕೆ ಹೊತ್ತರು. ನಮ್ಮ ಅಬ್ಬಾ ಒಬ್ಬ ವಕೀಲರನ್ನು ವಿಚಾರಿಸಿದರು. 1985ರ ಮಾದಕವಸ್ತು ಕಾಯ್ದೆಯಲ್ಲೇ 64ಎ ಎಂಬ ಕಲಂ ಇದೆ. ವ್ಯಸನಿ ಸ್ವಲ್ಪ ಪ್ರಮಾಣದ ಕೇಸಿನಲ್ಲಿ ತಾನಾಗಿ ಚಿಕಿತ್ಸೆಗೆ ಮುಂದೆ ಬಂದರೆ ಮೊಕದ್ದಮೆಯಿಂದ ರಕ್ಷಣೆ ಸಿಗುತ್ತದೆ, ಚಿಕಿತ್ಸೆಯನ್ನು ಪೂರ್ತಿ ಮಾಡಬೇಕು ಅಷ್ಟೇ. ಸುಮ್ಮನೆ ಆಸ್ಪತ್ರೆಗೆ ಹೋಗುವುದಕ್ಕಂತೂ ಯಾವ ಕೇಸೂ ಇಲ್ಲ. ಅದನ್ನು ಕೇಳಿದ ಮೇಲೆ ಅವರು ಹೋದರು. ಎಂಟು ತಿಂಗಳು ಹೋದದ್ದು ಹೋಯಿತು.

ಪೋರ್ಚುಗಲ್ ದೇಶದಲ್ಲಿ 2001ರಿಂದ ಸ್ವಂತ ಬಳಕೆಗೆ ಸ್ವಲ್ಪ ಮಾದಕವಸ್ತು ಇಟ್ಟುಕೊಂಡವನನ್ನು ಜೈಲಿಗೆ ಕಳಿಸುವುದಿಲ್ಲ, ಒಂದು ಸಮಿತಿಯ ಮುಂದೆ ಕರೆಸಿ ಚಿಕಿತ್ಸೆಯ ದಾರಿ ತೋರಿಸುತ್ತಾರೆ. ಮಾರುವವನಿಗೆ ಶಿಕ್ಷೆ ಇದ್ದೇ ಇದೆ. ಅದು ಬೇಕು. ಹದಿನಾರರ ಹುಡುಗನ ಕೈಗೆ ಮಾತ್ರೆ ಕೊಡುವವನು ಮಿಲ್ ಅವರ ಲೆಕ್ಕದಲ್ಲೂ ಬೇರೆಯವರಿಗೆ ಹಾನಿ ಮಾಡುವವನೇ, ಅವನ ವಿಷಯದಲ್ಲಿ ಯಾವ ಸ್ವಾತಂತ್ರ್ಯದ ಮಾತೂ ನನಗೆ ಬೇಡ. ನುಂಗುವ ಹುಡುಗನ ವಿಷಯ ಬೇರೆ. ಸುಲ್ತಾನರ ನಿಷೇಧದ ಆದೇಶ ಮಾರುವವನಿಗೆ, ಮಾವಿನ ಗಿಡದ ನಿಯಮ ನುಂಗುವವನಿಗೆ ಎಂದು ನಾನು ಹಂಚುತ್ತೇನೆ. ಅವರು ಹಾಗೆ ಹಂಚಿರಲಿಲ್ಲ, ಇದು ನನ್ನ ಲೆಕ್ಕ.

ಊರಿನ ಮಕ್ಕಳ ಬಗ್ಗೆ ಇಷ್ಟು ನಿಯಮ ಬರೆಸಿದ ಟಿಪ್ಪುವಿಗೆ ತಮ್ಮ ಮಕ್ಕಳನ್ನು ಕಾಪಾಡಿಕೊಳ್ಳಲು ಆಗಲಿಲ್ಲ. 1792ರಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಬಾಗಿಲಿಗೆ ಬಂದಾಗ ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ ಕೊಡಬೇಕಾಯಿತು. ಹಣ ತೀರುವವರೆಗೆ ಒತ್ತೆಯಾಗಿ ಅಬ್ದುಲ್ ಖಾಲಿಕ್, ಮುಯಿಜುದ್ದೀನ್ ಎಂಬ ಇಬ್ಬರು ಮಕ್ಕಳನ್ನು ಒಪ್ಪಿಸಬೇಕಾಯಿತು. ಒಬ್ಬನಿಗೆ ಸುಮಾರು ಹತ್ತು, ಇನ್ನೊಬ್ಬನಿಗೆ ಎಂಟು. ಇಂಗ್ಲಿಷ್ ಚಿತ್ರಕಾರರು ಆ ದೃಶ್ಯವನ್ನು ಮತ್ತೆ ಮತ್ತೆ ಬರೆದರು, ಲಾರ್ಡ್ ಸಾಹೇಬರು ತಂದೆಯಂತೆ ಕೈ ಹಿಡಿದು ಕರೆದುಕೊಳ್ಳುತ್ತಿರುವ ಹಾಗೆ. ಮಕ್ಕಳು ಮರಳಿದ್ದು 1794ರಲ್ಲಿ.

ಅದೇ ವರ್ಷ ಅವರು ಸರ್ಕಾರಿ ವ್ಯಾಪಾರಕ್ಕೆ ಹೊಸ ನಿಯಮ ಮಾಡಿದರು. ಪ್ರಜೆಗಳು ಅದರಲ್ಲಿ ಹಣ ಹೂಡಬಹುದು. 500ರವರೆಗೆ ಹಾಕಿದ ಬಡವನಿಗೆ ವರ್ಷದ ಕೊನೆಗೆ ಶೇಕಡಾ 50 ಲಾಭ, 500ರಿಂದ 5000ದವರೆಗೆ ಹಾಕಿದವನಿಗೆ ಶೇಕಡಾ 25, ಅದಕ್ಕೂ ಮೇಲಿನ ಸಾಹುಕಾರನಿಗೆ ಶೇಕಡಾ 12. ನಮ್ಮ ಅಕೌಂಟೆನ್ಸಿ ಸರ್ ಇದನ್ನು ನೋಡಿ ನಕ್ಕರು, ಯಾವ ಬ್ಯಾಂಕೂ ಹೀಗೆ ಕೊಡದು ಎಂದರು. ಗಂಧ, ಮೆಣಸು ಸರ್ಕಾರದ ಕೈಯಲ್ಲೇ ಇರಬೇಕು ಎಂಬುದೂ ಅವರ ನೀತಿ. ಮಸ್ಕತ್‌ನಲ್ಲಿ ಕೋಠಿ ಇತ್ತು. ಎಲ್ಲವನ್ನೂ ತಾವೇ ನಡೆಸಬೇಕು ಎಂಬ ಸ್ವಭಾವ ಇಲ್ಲೂ ಕಾಣುತ್ತದೆ. ಸ್ವಾತಂತ್ರ್ಯವಾದಿಗಳು ಇದನ್ನು ಒಪ್ಪುವುದಿಲ್ಲ. ಬಡವನಿಗೆ ಹೆಚ್ಚು ಲಾಭ ಎಂಬ ಆ ಪಟ್ಟಿಯನ್ನು ಮಾತ್ರ ನಾನು ನೋಟ್ಸ್ ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದೇನೆ.

1799ರ ಮೇ 4ರಂದು ಮಧ್ಯಾಹ್ನ ಕೋಟೆ ಒಡೆಯಿತು. ಸುಲ್ತಾನರು ಓಡಲಿಲ್ಲ, ಕೋಟೆಯ ಬಾಗಿಲಲ್ಲೇ ಹೋರಾಡಿ ಶಹೀದರಾದರು. ರಾತ್ರಿ ದೀಪ ಹಿಡಿದು ಹೆಣಗಳ ರಾಶಿಯಲ್ಲಿ ಹುಡುಕಿ ಗುರುತಿಸಿದರು. ಮರುದಿನ ಗುಂಬಜ್‌ನಲ್ಲಿ ತಂದೆತಾಯಿಯ ಪಕ್ಕದಲ್ಲಿ ದಫನ್ ಮಾಡುವಾಗ ಗುಡುಗು ಸಿಡಿಲು ಮಳೆ. ಮಕ್ಕಳನ್ನು ವೆಲ್ಲೂರಿಗೆ ಸಾಗಿಸಿದರು, 1806ರ ದಂಗೆಯ ನಂತರ ಅಲ್ಲಿಂದ ಕಲ್ಕತ್ತೆಗೆ. ಮೈಸೂರಿನಲ್ಲಿ ಹೆಂಡ ಸಾರಾಯಿಯ ಗುತ್ತಿಗೆ ಮತ್ತೆ ಶುರುವಾಯಿತು, ಅಬಕಾರಿ ಹಣ ಮತ್ತೆ ಬೊಕ್ಕಸಕ್ಕೆ ಬರತೊಡಗಿತು.