ಮೂರು ಕಾಯಗಳ ಗಣಿತಜ್ಞ ಲಗ್ರಾಂಜ್

ಸಂತ ಡಾನ್ ಬೋಸ್ಕೊರವರ ಕಾರ್ಯಕ್ಷೇತ್ರವೆಂದು ನಮ್ಮ ಜನರಿಗೆ ಚಿರಪರಿಚಿತವಾದ ಇಟಲಿಯ ತೂರಿನ್ ನಗರದಲ್ಲಿ, ಆ ಸಂತರ ಜನನಕ್ಕೆ 79 ವರ್ಷ ಮೊದಲು, 1736ರ ಜನವರಿ 25ರಂದು, ಕಥೋಲಿಕ ಕುಟುಂಬವೊಂದರಲ್ಲಿ ಜೋಸೆಫ್ ಲೂಯಿ ಲಗ್ರಾಂಜನು ಜನಿಸಿದನು. ತಂದೆತಾಯಿಗಳ ಹನ್ನೊಂದು ಮಕ್ಕಳಲ್ಲಿ ಬೆಳೆದು ದೊಡ್ಡವರಾದವರು ಇಬ್ಬರೇ. ತಂದೆಯು ರಾಜಸೇವೆಯಲ್ಲಿದ್ದರೂ ಲಾಭದಾಸೆಯ ವ್ಯವಹಾರಗಳಲ್ಲಿ ಆಸ್ತಿಯನ್ನೆಲ್ಲ ಕರಗಿಸಿದನು. ಮನೆಯಲ್ಲಿ ಹಣವಿದ್ದಿದ್ದರೆ ತಾನು ಗಣಿತಕ್ಕೆ ಬರುತ್ತಿರಲಿಲ್ಲವೆಂದು ಮಗನೇ ಮುಂದೆ ಭಾವಿಸಿದ್ದುಂಟು. ವಕೀಲನಾಗಬೇಕಿದ್ದ ಹುಡುಗನು ಹ್ಯಾಲಿಯ ಲೇಖನವೊಂದನ್ನು ಓದಿ ಗಣಿತಕ್ಕೆ ಮನಸೋತನು. 19ನೆಯ ವಯಸ್ಸಿಗೇ ತೂರಿನ್ನಿನ ಫಿರಂಗಿ ಶಾಲೆಯ ಅಧ್ಯಾಪಕನಾದನು.

1766ರಲ್ಲಿ ಪ್ರಷ್ಯದ ದೊರೆ ಫ್ರೆಡರಿಕನ ಆಹ್ವಾನದಂತೆ ಬರ್ಲಿನ್ನಿಗೆ ತೆರಳಿ, ಮಹಾಗಣಿತಜ್ಞ ಆಯ್ಲರನು ತೆರವು ಮಾಡಿದ ಸ್ಥಾನವನ್ನು ಅಲಂಕರಿಸಿದನು. ಅಲ್ಲಿ ಕಳೆದ ಇಪ್ಪತ್ತು ವರ್ಷಗಳೇ ಅವನ ಬಾಳಿನ ಸುಗ್ಗಿಯ ಕಾಲ. ಎರಡು ಕಾಯಗಳು ಒಂದನ್ನೊಂದು ಆಕರ್ಷಿಸಿದರೆ ಅವುಗಳ ಹಾದಿ ಯಾವುದೆಂಬುದನ್ನು ನ್ಯೂಟನ್ನನು ತೋರಿಸಿದ್ದನು. ಮೂರನೆಯದೊಂದು ಬಂದು ಸೇರಿತೆಂದರೆ ಲೆಕ್ಕವು ಕೈಮೀರಿ ಹೋಗುತ್ತದೆ. ಆ ಗಹನವಾದ ಸಮಸ್ಯೆಯನ್ನು ಕುರಿತು 1772ರಲ್ಲಿ ಬರೆದ ಪ್ರಬಂಧದಲ್ಲಿ ಲಗ್ರಾಂಜನು ಒಂದು ಸೋಜಿಗವನ್ನು ಕಂಡನು: ಮೂರು ಕಾಯಗಳು ಸಮಬಾಹು ತ್ರಿಕೋನದ ಮೂಲೆಗಳಲ್ಲಿ ನಿಂತರೆ ಆ ಆಕಾರವು ಕೆಡದಂತೆಯೇ ಒಟ್ಟಾಗಿ ಸುತ್ತಬಲ್ಲವು. ಇದು ಬರಿಯ ಲೆಕ್ಕದ ವಿನೋದವೆಂದೇ ಬಹುಕಾಲ ತೋರಿತು. 1906ರಲ್ಲಿ ಗುರುಗ್ರಹದ ಕಕ್ಷೆಯಲ್ಲಿ ಅಂತಹ ಮೂಲೆಯ ಬಳಿ ಅಕಿಲೀಸ್ ಎಂಬ ಕ್ಷುದ್ರಗ್ರಹವು ಸಿಕ್ಕಿತು! ಮೂರೂ ಕಾಯಗಳು ಒಂದೇ ಸಾಲಿನಲ್ಲಿ ನಿಲ್ಲುವ ಬಗೆಯನ್ನು ಮೊದಲು ಕಂಡವನು ಆಯ್ಲರನು. ಆದರೂ ಐದು ಬಿಂದುಗಳಿಗೂ ಲಗ್ರಾಂಜನ ಹೆಸರೇ ನಿಂತಿತು.

ಅವನ ಲೆಕ್ಕದಲ್ಲಿ ಇದ್ದುದು ಗುರುತ್ವಾಕರ್ಷಣೆಯೊಂದೇ. ಬೆಳಕಿಗೂ ತಳ್ಳುವ ಬಲವುಂಟೆಂದು 1873ರಲ್ಲಿ ಮ್ಯಾಕ್ಸ್‌ವೆಲ್ಲನು ಗಣಿತದಿಂದ ತೋರಿಸಿದನು. 1900ರ ಸುಮಾರಿಗೆ ಮಾಸ್ಕೋದ ಲೆಬೆಡೆವನು ಅದನ್ನು ಅಳೆದನು. ಒಂದು ಚದರ ಮೀಟರ್ ಕನ್ನಡಿಯ ಮೇಲೆ ನೇರವಾಗಿ ಬೀಳುವ ಬಿಸಿಲಿನ ಒತ್ತಡವು ಒಂದು ಮಿಲಿಗ್ರಾಮಿನ ಭಾರದಷ್ಟೂ ಇಲ್ಲ. ಗ್ರಹಗಳಿಗೆ ಇದು ಲೆಕ್ಕಕ್ಕಿಲ್ಲ. ಆದರೆ ಮಿಲಿಮೀಟರಿನ ಸಾವಿರದ ಒಂದು ಪಾಲಿಗಿಂತ ಕಿರಿದಾದ ಧೂಳಿನ ಕಣಕ್ಕೆ ಅದು ಸೂರ್ಯನ ಸೆಳೆತದೊಡನೆ ಸೆಣಸುವಷ್ಟು ಪ್ರಬಲ. ಸೆಳೆತ, ತಳ್ಳು ಎರಡೂ ದೂರ ಹೆಚ್ಚಿದಂತೆ ಒಂದೇ ಪ್ರಮಾಣದಲ್ಲಿ ಇಳಿಯುವುದರಿಂದ, ಅಂತಹ ಕಣದ ಪಾಲಿಗೆ ಸೂರ್ಯನ ತೂಕವೇ ಕಡಮೆಯಾದಂತೆ. ಆಗ ಲಗ್ರಾಂಜನ ಬಿಂದುಗಳೂ ಸ್ವಸ್ಥಾನದಿಂದ ಜರುಗುತ್ತವೆ. ಭೂಮಿಯ ಆಚೀಚೆಯ ಎರಡೂ ಬಿಂದುಗಳು ಸೂರ್ಯನ ಕಡೆಗೆ ಸರಿಯುತ್ತವೆ.

2023ರ ಸೆಪ್ಟೆಂಬರ್ 2ರಂದು ಶ್ರೀಹರಿಕೋಟದಿಂದ ಹೊರಟ ನಮ್ಮ ಆದಿತ್ಯ ನೌಕೆಯು ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದ ಇಂತಹ ಮೊದಲನೆಯ ಬಿಂದುವಿನ ಸುತ್ತಣ ಕಕ್ಷೆಯನ್ನು ಸೇರಿದ್ದು 2024ರ ಜನವರಿ 6ರಂದು, ಸಂಪ್ರದಾಯದಂತೆ ಮೂರು ರಾಯರ ಹಬ್ಬದ ದಿನ. ಅದರ ಮುಖ್ಯ ಉಪಕರಣವನ್ನು ರಚಿಸಿದ್ದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ. ಆ ಸ್ಥಾನವು ಬೆಟ್ಟದ ತುದಿಯ ಗುಂಡಿನಂತೆ ಅಸ್ಥಿರ. ಬಿಸಿಲಿನ ಅಲ್ಪ ಒತ್ತಡವೂ ದಿನಗಳುರುಳಿದಂತೆ ಕೂಡಿಬಂದು ದಾರಿ ತಪ್ಪಿಸೀತು. ಆದುದರಿಂದ ಅದನ್ನೂ ಲೆಕ್ಕಕ್ಕೆ ಸೇರಿಸಿ, ಆಗಾಗ ನೌಕೆಯ ಹಾದಿಯನ್ನು ತಿದ್ದಬೇಕಾಗುತ್ತದೆ.

ಲಗ್ರಾಂಜನ ಸ್ವಂತ ಬಾಳಿನಲ್ಲಿ ಸಮತೋಲವು ಅಷ್ಟು ಸುಲಭವಾಗಿ ದೊರೆಯಲಿಲ್ಲ. ಪತ್ನಿ ವಿಟ್ಟೋರಿಯಾ ದೀರ್ಘಕಾಲ ನರಳಿ 1783ರಲ್ಲಿ ತೀರಿಕೊಂಡಳು, ಮಕ್ಕಳಿರಲಿಲ್ಲ. 1787ರಲ್ಲಿ ಪ್ಯಾರಿಸಿಗೆ ಬಂದವನ ಮನಸ್ಸು ಗಣಿತದಿಂದಲೇ ವಿಮುಖವಾಗಿತ್ತು. ಮರುವರ್ಷ ಅಚ್ಚಾಗಿ ಬಂದ ತನ್ನ ಮಹಾಗ್ರಂಥವನ್ನು, ಒಂದು ಚಿತ್ರವೂ ಇಲ್ಲದ ಆ ಯಂತ್ರಶಾಸ್ತ್ರವನ್ನು, ಎರಡು ವರ್ಷ ತೆರೆದೂ ನೋಡಲಿಲ್ಲವೆಂದು ಹೇಳುತ್ತಾರೆ. 1792ರಲ್ಲಿ 56ರ ಅವನನ್ನು ಖಗೋಳಜ್ಞ ಲ ಮೊನಿಯೆಯ ತರುಣಿ ಮಗಳು ವರಿಸಿ ಮತ್ತೆ ಬದುಕಿಗೆ ತಿರುಗಿಸಿದಳು. ಕ್ರಾಂತಿಯ ಭೀಕರ ದಿನಗಳಲ್ಲಿ ಪರದೇಶೀಯರನ್ನು ಬಂಧಿಸುವ ಆಜ್ಞೆ ಹೊರಟಾಗ, ರಸಾಯನಶಾಸ್ತ್ರಜ್ಞ ಲವಾಸಿಯೆ ಅವನ ಪರವಾಗಿ ನಿಂತು ಉಳಿಸಿದನು. 1794ರ ಮೇ 8ರಂದು ಆ ಲವಾಸಿಯೆಯ ತಲೆಯೇ ಗಿಲೊಟಿನ್ನಿಗೆ ಬಲಿಯಾಯಿತು. ಉಳಿಸಿದವನನ್ನು ಉಳಿಸಲಾರದ ಆ ಕೊರಗನ್ನು ಯಾವ ಸನ್ಮಾನವು ತಾನೆ ತೊಳೆದೀತು?

ಸನ್ಮಾನಗಳಿಗೇನೂ ಕೊರತೆಯಾಗಲಿಲ್ಲ; ನೆಪೋಲಿಯನ್ನನು ಅವನನ್ನು ಸೆನೆಟಿನ ಸದಸ್ಯನನ್ನಾಗಿಯೂ ಕೌಂಟ್ ಪದವೀಧರನನ್ನಾಗಿಯೂ ಮಾಡಿದನು. ತನ್ನ ಗ್ರಂಥವನ್ನು ಪರಿಷ್ಕರಿಸುತ್ತಿರುವಾಗಲೇ 1813ರ ಏಪ್ರಿಲ್ 10ರಂದು ಲಗ್ರಾಂಜನು ಮರಣ ಹೊಂದಿದನು. ಸಂತ ಜಿನವೀವಳ ದೇವಾಲಯವಾಗಿ ಕಟ್ಟಲ್ಪಟ್ಟ ಪ್ಯಾರಿಸಿನ ಪಾಂಥಿಯನ್ನಿನ ನೆಲಮಾಳಿಗೆಯಲ್ಲಿ ಅವನ ಸಮಾಧಿಯಿದೆ.