ಸೌದೆ ಆರಿಸೋಕೆ ಹೋದ ಬಡ ಹುಡುಗಿ: ಲೂರ್ದಿನ ಬರ್ನಡೆಟ್ ಕಥೆ

ಚರ್ಚ್ ಆವರಣದಲ್ಲಿ ಕಲ್ಲಿನ ಗವಿ ಕಟ್ಟಿ, ಒಳಗೆ ಬಿಳಿ ಉಡುಪು, ನೀಲಿ ಸೊಂಟಪಟ್ಟಿಯ ಮರಿಯಮ್ಮನವರ ಪ್ರತಿಮೆ ಇಟ್ಟಿರೋದನ್ನ ನೀವೂ ನೋಡಿರ್ತೀರಿ. ಅದು ಲೂರ್ದು ಮಾತೆ. ಕೆಲವು ಕಡೆ ಎದುರಿಗೆ ಮಂಡಿಯೂರಿದ ಹುಡುಗಿಯೊಬ್ಬಳ ಪ್ರತಿಮೆಯೂ ಇರುತ್ತೆ. ಅವಳೇ ಬರ್ನಡೆಟ್ ಸುಬಿರೂ.

ಹುಟ್ಟಿದ್ದು 1844ರ ಜನವರಿ 7, ದಕ್ಷಿಣ ಫ್ರಾನ್ಸಿನ ಲೂರ್ದು ಎಂಬ ಸಣ್ಣ ಊರಲ್ಲಿ. ಅಪ್ಪನದು ಹಿಟ್ಟಿನ ಗಿರಣಿ. ವ್ಯಾಪಾರ ಕೈಕೊಟ್ಟಿತು, ಗಿರಣಿ ಹೋಯ್ತು. ಕೊನೆಗೆ ಇಡೀ ಸಂಸಾರ ಹಳೇ ಜೈಲಿನ ಒಂದು ಕೋಣೆಗೆ ಬಂದು ಬಿತ್ತು. 1857ರಲ್ಲಿ ಹಿಟ್ಟು ಕದ್ದ ಅನುಮಾನದ ಮೇಲೆ ಅಪ್ಪನನ್ನು ಹಿಡಿದು ಒಳಗೆ ಹಾಕಿ, ಕೆಲವು ದಿನ ಬಿಟ್ಟು ಬಿಡುಗಡೆ ಮಾಡಿದರು. ಬಡವರ ಮೇಲೆ ಅನುಮಾನ ಬೇಗ ಬರುತ್ತೆ ನೋಡಿ. ಬರ್ನಡೆಟ್‌ಗೆ ಅಸ್ತಮಾ ಬೇರೆ. 14 ವರ್ಷ ಆದರೂ ಓದು ಬರಹ ಬರ್ತಿರಲಿಲ್ಲ.

1858ರ ಫೆಬ್ರವರಿ 11ರಂದು ತಂಗಿ ಮತ್ತು ಗೆಳತಿ ಜೊತೆ ಸೌದೆ ಆರಿಸೋಕೆ ನದಿ ದಂಡೆಗೆ ಹೋದಳು. ಮಸಾಬಿಯೆಲ್ ಗವಿಯಲ್ಲಿ ಬಿಳಿ ಉಡುಪಿನ ಒಬ್ಬ ಹೆಣ್ಣುಮಗಳು ಕಂಡಳು ಅಂತ ಹೇಳಿದಳು. ಜುಲೈ 16ರವರೆಗೆ ಒಟ್ಟು 18 ಸಲ ಹೀಗೆ ದರ್ಶನ ಆಯ್ತು. ಆದರೆ ಅದು ಮರಿಯಮ್ಮ ಅಂತ ಅವಳಾಗಿ ಹೇಳಲೇ ಇಲ್ಲ. ತಮ್ಮ ಊರ ಭಾಷೆಯಲ್ಲಿ ಬರೀ ಅದು ಅಂತಿದ್ದಳು.

ಫೆಬ್ರವರಿ 25ರಂದು ಗವಿಯ ನೆಲ ಕೆದಕಿ ಕೆಸರು ನೀರು ಕುಡಿದಳು. ಮುಖವೆಲ್ಲ ಕೆಸರು. ನೆರೆದ ಜನ ಹುಚ್ಚಿ ಅಂದುಕೊಂಡರು. ಅಲ್ಲೇ ಒರತೆ ತಿಳಿಯಾಗಿ ಹರಿಯಿತು, ಇವತ್ತಿಗೂ ಹರೀತಿದೆ. ಪೊಲೀಸರು ಕರೆಸಿ ಗದರಿಸಿದರೂ ಹುಡುಗಿ ಮಾತು ಬದಲಿಸಲಿಲ್ಲ.

ಊರ ಪಾದ್ರಿ ಪೆರಮಾಲ್ ನಂಬಲಿಲ್ಲ. ಹೆಸರು ಕೇಳ್ಕೊಂಡು ಬಾ ಅಂತ ಕಳಿಸಿದರು. ಮಾರ್ಚ್ 25ರಂದು ಸಿಕ್ಕ ಉತ್ತರ ಅಮಲೋದ್ಭವ. ಅರ್ಥ ಗೊತ್ತಿಲ್ಲದೆ, ಮರೆತುಹೋದೀತು ಅಂತ ದಾರಿಯುದ್ದಕ್ಕೂ ಹೇಳಿಕೊಳ್ಳುತ್ತಲೇ ಬಂದಳು. ಪಾದ್ರಿ ದಂಗಾದರು. ಯಾಕಂದ್ರೆ ಕೇವಲ ಮೂರು ವರ್ಷ ಚಿಲ್ಲರೆ ಮೊದಲು, 1854ರ ಡಿಸೆಂಬರ್ 8ರಂದು ಒಂಬತ್ತನೇ ಪಯಸ್ ಪೋಪ್ ಇದನ್ನು ವಿಶ್ವಾಸ ಸತ್ಯ ಅಂತ ಘೋಷಿಸಿದ್ದರು.

ಇಲ್ಲಿ ಬಹಳ ಮಂದಿ ತಪ್ಪು ತಿಳಿಯುತ್ತಾರೆ. ಅಮಲೋದ್ಭವ ಅಂದ್ರೆ ಯೇಸು ಕನ್ಯೆಯಲ್ಲಿ ಹುಟ್ಟಿದ ವಿಷಯ ಅಲ್ಲ. ಮರಿಯಮ್ಮ ತಮ್ಮ ತಾಯಿಯ ಗರ್ಭದಲ್ಲಿ ಮೂಡಿದ ಕ್ಷಣದಿಂದಲೇ, ದೇವರ ಕೃಪೆಯಿಂದ ಜನ್ಮಪಾಪವಿಲ್ಲದೆ ಇದ್ದರು ಅನ್ನೋದು ಅದರ ಅರ್ಥ. ಇನ್ನೊಂದು ಮಾತು. ಕ್ಯಾಥೊಲಿಕ್ ಬೋಧನೆ ಪ್ರಕಾರ ಆರಾಧನೆ ದೇವರಿಗೆ ಮಾತ್ರ. ಮರಿಯಮ್ಮನವರಿಗೆ ಸಲ್ಲೋದು ವಿಶೇಷ ಗೌರವ, ಅವರಲ್ಲಿ ಕೇಳೋದು ನಮ್ಮ ಪರವಾಗಿ ಪ್ರಾರ್ಥಿಸಿ ಅಂತ. 1862ರಲ್ಲಿ ಬಿಷಪ್ ಈ ದರ್ಶನಗಳನ್ನು ಒಪ್ಪಿದರು. ಆದರೂ ಇವನ್ನ ನಂಬಲೇಬೇಕು ಅನ್ನೋ ಕಡ್ಡಾಯ ಕ್ಯಾಥೊಲಿಕರಿಗೂ ಇಲ್ಲ.

ಲೂರ್ದು ಯಾತ್ರಾಸ್ಥಳ ಆಯ್ತು, ಅಂಗಡಿ, ಹೋಟೆಲ್ ಎದ್ದವು. ಮನೇಲಿ ಅಷ್ಟು ಬಡತನ ಇದ್ರೂ ಬರ್ನಡೆಟ್ ಮಾತ್ರ ಯಾರು ಕಾಸು ಕೊಟ್ಟರೂ ಮುಟ್ಟಲಿಲ್ಲ. 1866ರಲ್ಲಿ ದೂರದ ನೆವೆರ್ ಕಾನ್ವೆಂಟ್ ಸೇರಿ ರೋಗಿಗಳ ಸೇವೆಗೆ ನಿಂತಳು. ಮತ್ತೆ ಲೂರ್ದಿಗೆ ಬರಲೇ ಇಲ್ಲ. ಅದೇ ವರ್ಷ ಡಿಸೆಂಬರ್ 8ರಂದು, ಅಮಲೋದ್ಭವ ಮಾತೆಯ ಹಬ್ಬದ ದಿನವೇ, ಅವಳ ಅಮ್ಮ ತೀರಿಕೊಂಡರು.

ಅವಳು ತೋರಿಸಿದ ನೀರಿಗೆ ದೂರ ದೂರದಿಂದ ರೋಗಿಗಳು ಬಂದರು. ಅವಳ ಕಾಯಿಲೆ ಮಾತ್ರ ವಾಸಿ ಆಗಲಿಲ್ಲ. ಅಸ್ತಮಾ ಜೊತೆಗೆ ಮಂಡಿಗೆ ಮೂಳೆ ಕ್ಷಯ ಬಂತು. 1879ರ ಏಪ್ರಿಲ್ 16ರಂದು, 35ನೇ ವಯಸ್ಸಿಗೆ ತೀರಿಕೊಂಡಳು. 1933ರ ಡಿಸೆಂಬರ್ 8ರಂದು ಸಂತ ಪದವಿ ಸಿಕ್ಕಿತು.

ಫೆಬ್ರವರಿ 11 ಈಗ ಲೂರ್ದು ಮಾತೆಯ ಹಬ್ಬ. ಅದೇ ದಿನವನ್ನು ಕ್ಯಾಥೊಲಿಕರು ವಿಶ್ವ ರೋಗಿಗಳ ದಿನವಾಗಿಯೂ ಆಚರಿಸುತ್ತಾರೆ. ಮುಂದಿನ ಸಲ ಗವಿ ಮುಂದೆ ಹಾದು ಹೋಗುವಾಗ, ಕೆಳಗೆ ಮಂಡಿಯೂರಿರೋ ಆ ಹುಡುಗಿಯನ್ನೂ ಒಮ್ಮೆ ನೋಡಿ.